ನಾನು ಏಳನ್ನು ಮತ್ತೆ ಕಲಿತದ್ದು

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಮೇಲೆ ನನಗೆ ಮೊದಲು ನೆನಪಿರುವುದು ನಮ್ಮವರ ನಗು. ವಯಸ್ಸಾದ ಆಯಾ ಒಬ್ಬರು ನನ್ನನ್ನು ಎಬ್ಬಿಸಿ ಕೂರಿಸಲು ಬಂದಿದ್ದರು. ಭುಜ ಹಿಡಿದು, "ಏಳವ್ವಾ, ಏಳು" ಅಂದರು. ನಾನು "ಎಂಟು" ಅಂದೆ. ಕೇಳಿಸಲಿಲ್ಲವೇನೋ ಅಂದುಕೊಂಡು ಅವರು ಇನ್ನೂ ಜೋರಾಗಿ "ಏಳು!" ಅಂದರು. ಪಾಪ, ಮುಂದಿನದು ಬರುತ್ತಿಲ್ಲ ಈಕೆಗೆ ಅನ್ನಿಸಿ, "ಎಂಟು, ಒಂಬತ್ತು, ಹತ್ತು" ಎಂದು ತಾಳ್ಮೆಯಿಂದ ಹೇಳಿಕೊಟ್ಟೆ.

"ನೋಡಿ ಆಯಮ್ಮ, ನಮ್ಮೋಳು ಹಾಸಿಗೆ ಹಿಡುದ್ರೂವೆ ಮೇಷ್ಟ್ರು ಬುದ್ಧಿ ಬುಡ್ತಾ ಇಲ್ಲ!" ಎಂದು ನಮ್ಮವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೆಂಡತಿ ತಮಾಷೆ ಮಾಡುವಷ್ಟು ಚೇತರಿಸಿಕೊಂಡಳು ಎಂಬ ಸಮಾಧಾನ ಅವರಿಗೆ. ನಾನು ತಮಾಷೆ ಮಾಡಿರಲಿಲ್ಲ. ಆ ಹೆಂಗಸು ಎಣಿಸುತ್ತಿದ್ದಾಳೆ ಎಂದೇ ನಂಬಿದ್ದೆ.

ನಾನು ಸುಜಾತ. ಮಧುಗಿರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಹುಟ್ಟಿದ್ದು ಪಾವಗಡದ ಕಡೆ ಬಲಸಮುದ್ರದಲ್ಲಿ. ಮದುವೆಯಾದದ್ದು ಚನ್ನರಾಯನದುರ್ಗದವರನ್ನು, ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆವತ್ತು ಬೆಳಿಗ್ಗೆ ಮುದ್ದೆ ತಿರುವುತ್ತಿದ್ದಾಗ ಕೋಲು ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳೋಣ ಅಂದರೆ ಬಲಗೈ ನನ್ನದಲ್ಲ ಅನ್ನುವಂತೆ ಸುಮ್ಮನಿತ್ತು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರಲ್ಲ, ನನ್ನ ಎರಡು ಕೈಗಳ ಸ್ಥಿತಿ ಹಾಗಾಗಿತ್ತು. ನಮ್ಮವರು ಪಕ್ಕದ ಮನೆಯವರ ಕಾರಿನಲ್ಲಿ ನನ್ನನ್ನು ಮಲಗಿಸಿಕೊಂಡು ತುಮಕೂರಿಗೆ ಹೊರಟರು. ಕೊರಟಗೆರೆಯಲ್ಲಿ ದನಗಳು ರಸ್ತೆಗೆ ಅಡ್ಡ ನಿಂತಿದ್ದವು. ಇವರು ಇಳಿದು, ದನಗಳಿಗೂ ದನ ಬಿಟ್ಟವರಿಗೂ ಸೇರಿಸಿ ಬೈಯುತ್ತಾ ಓಡಿಸಿದ್ದು ಮಸುಕಾಗಿ ನೆನಪಿದೆ. ಬೈಗುಳ ಪೂರ್ತಿ ಅರ್ಥವಾಗುತ್ತಿದೆ, ಹಾಗಾದರೆ ನಾನು ಸಾಯುವುದಿಲ್ಲ ಎಂದು ಆಗ ಅಂದುಕೊಂಡೆ.

ಸ್ಟ್ರೋಕ್ ಅಂದರು. ಸಮಯಕ್ಕೆ ಕರೆತಂದಿರಿ ಅಂದರು. ಕೈ ನಿಧಾನಕ್ಕೆ ಮರಳಿತು, ಬಾಯಿ ನೆಟ್ಟಗಾಯಿತು. ಮನೆಗೆ ಕಳಿಸುವ ಮುಂಚೆ ಡಾಕ್ಟರು ಹಾಸಿಗೆಯ ಪಕ್ಕ ಕೂತು, ಹೆಸರು, ಊರು, ಗಂಡನ ಹೆಸರು ಎಲ್ಲ ಕೇಳಿದರು. ಗಂಡನ ಹೆಸರು ಹೇಳುವಾಗ ನಾಚಿಕೊಳ್ಳುವುದನ್ನೂ ನಾನು ಮರೆತಿರಲಿಲ್ಲ. ಕೊನೆಗೆ, "ನೀವು ಗಣಿತದ ಮೇಡಂ ಅಂತೆ, ಸುಲಭದ್ದೇ ಕೇಳ್ತೀನಿ. ಏಳಕ್ಕೆ ಒಂಬತ್ತು ಕೂಡಿದ್ರೆ?" ಅಂದರು.

ಬಾಯಿ ತೆರೆದೆ. ಉತ್ತರ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಗೊತ್ತಿದ್ದು ಬಾಯಿಗೆ ಬಾರದಿರುವುದು ಬೇರೆ, ಇದು ಹಾಗಲ್ಲ. ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಮೊತ್ತಕ್ಕೆ ಸೂತ್ರ ಕೇಳಿದ್ದರೆ ಬರೆದುಕೊಡುತ್ತಿದ್ದೆ. ಪೈಥಾಗೊರಸ್ ಪ್ರಮೇಯ ಸಾಧಿಸು ಅಂದಿದ್ದರೆ ಸಾಧಿಸುತ್ತಿದ್ದೆ. ಏಳು ಮತ್ತು ಒಂಬತ್ತು ಮಾತ್ರ, ಜಗಳವಾಡಿಕೊಂಡ ಓರಗಿತ್ತಿಯರ ಹಾಗೆ, ಒಂದನ್ನೊಂದು ನೋಡದೆ ನಿಂತಿದ್ದವು. ನಮ್ಮವರ ಮುಖದಲ್ಲಿದ್ದ ನಗು ಅಲ್ಲೇ ಆರಿತು. ಡಾಕ್ಟರು, "ಬರಬಹುದು, ಟೈಮ್ ಬೇಕು" ಅಂದರು. ಬರುತ್ತದೆ ಅನ್ನಲಿಲ್ಲ, ಬರಬಹುದು ಅಂದರು. ಆ ವ್ಯತ್ಯಾಸ ನನಗೆ ಚೆನ್ನಾಗಿ ಕೇಳಿಸಿತು.

ಮನೆಗೆ ಬಂದಮೇಲೆ ನೋಡಲು ಬಂದವರೆಲ್ಲ ಪರೀಕ್ಷಕರಾದರು. ಮೂಸಂಬಿ ಚೀಲ ಕೆಳಗಿಡುವ ಮುಂಚೆಯೇ, "ಸುಜಾತಾ, ಐದೈದ್ಲ ಎಷ್ಟಮ್ಮ?" ಅನ್ನುವವರು. ನಮ್ಮವರ ಸೋದರತ್ತೆಯಂತೂ ರೋಗದ ಮೂಲವನ್ನೇ ಕಂಡುಹಿಡಿದರು: "ಲೆಕ್ಕ ಮಾಡಿ ಮಾಡಿ ಮಿದ್ಳು ಸವ್ದೋಗೈತೆ ಕಣ್ಲಾ. ಹೆಣ್ಮಕ್ಳಿಗೆ ಅಷ್ಟೊಂದು ಲೆಕ್ಕ ಯಾಕ್ ಬೇಕಿತ್ತು?" ನಾನು ನಗುತ್ತಿದ್ದೆ, ಆಮೇಲೆ ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದೆ. ಕೈ ಹೋಗಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಇದು ಕಾಣದ ಅಂಗ. ಇಲ್ಲ ಅಂದರೆ ಯಾರೂ ನಂಬುವುದಿಲ್ಲ, ಇದೆ ಅನ್ನಲು ನನ್ನ ಹತ್ತಿರ ಏನೂ ಇಲ್ಲ.

ನಮ್ಮ ಹೆಡ್‌ಮಾಸ್ಟರೂ ಬಂದರು. ಒಳ್ಳೆಯ ಮನುಷ್ಯ. ಐದೈದ್ಲ ಕೇಳಲಿಲ್ಲ. "ಮೇಡಂ, ಗಣಿತಕ್ಕೆ ಅತಿಥಿ ಶಿಕ್ಷಕರು ಸಿಕ್ಕಿದಾರೆ. ರಜೆ ಮುಗ್ದು ಸ್ಕೂಲು ಶುರುವಾದ್ಮೇಲೆ ನೀವು ಆರಾಮಾಗಿ ಲೈಬ್ರರಿ ನೋಡ್ಕೊಳಿ. ಯಾರೂ ಏನೂ ಅನ್ನಲ್ಲ" ಅಂದರು. ಅವರು ಹೋದಮೇಲೆ ನಮ್ಮವರು, "ಒಳ್ಳೇದೇ ಆಯ್ತು ಬುಡು. ಬುಕ್ಕು ಕೊಡು, ಬುಕ್ಕು ಇಸ್ಕೊ, ಅಷ್ಟೆ" ಅಂದರು. ನಾನು ಅವರ ಮೇಲೆ ಎಗರಾಡಿದೆ. ಲೈಬ್ರರಿ ಅಂದರೆ ನಮ್ಮಲ್ಲಿ ಎರಡು ಬೀರು, ಒಂದು ಕಿಟಕಿ. ಆ ಕಿಟಕಿಯಿಂದ ನನ್ನ ತರಗತಿಯ ಕಪ್ಪು ಹಲಗೆ ಕಾಣುತ್ತದೆ. ನಿವೃತ್ತಿಯವರೆಗೂ ಅದನ್ನು ನೋಡುತ್ತಾ ಕೂರಬೇಕೇ?

ಶಾಲೆ ಶುರುವಾಗುವುದರೊಳಗೆ ಕೂಡುವುದನ್ನು ಕಲಿಯಬೇಕು. ಇಡೀ ಜೀವನದಲ್ಲಿ ನಾನು ಇಷ್ಟು ಸಣ್ಣ ಆಸೆಯನ್ನು ಇಷ್ಟು ದೊಡ್ಡದಾಗಿ ಆಸೆಪಟ್ಟಿರಲಿಲ್ಲ.

ಶಿರಾದ ಒಂದು ಆಸ್ಪತ್ರೆಗೆ ವಾರಕ್ಕೊಮ್ಮೆ ಕಾವ್ಯ ಎಂಬ ಥೆರಪಿಸ್ಟ್ ಹುಡುಗಿ ಬರುತ್ತಿದ್ದಳು. ಅವಳ ಕೋಣೆಯ ಹೊರಗೊಂದು ಕಬ್ಬಿಣದ ಬೆಂಚು. ಅಲ್ಲಿ ನನಗೆ ಸಿಕ್ಕವರು ನಜೀರ್ ಸಾಹೇಬರು. ಶಿರಾದಲ್ಲಿ ಬಳೆ ಅಂಗಡಿ, ಈಗ ಸೊಸೆ ನೋಡಿಕೊಳ್ಳುತ್ತಾಳೆ. ಅವರಿಗೂ ಸ್ಟ್ರೋಕೇ, ಆದರೆ ಅವರಿಂದ ಹೋದದ್ದು ಹೆಸರುಗಳು. ಲೋಟಕ್ಕೆ "ಅದು... ನೀರು ಕುಡಿಯೋದು" ಅನ್ನುವರು, ಚಪ್ಪಲಿಗೆ "ಕಾಲಿಂದು" ಅನ್ನುವರು. ನಾನು ಪಕ್ಕದಿಂದ "ಲೋಟ", "ಚಪ್ಪಲಿ" ಎಂದು ಎತ್ತಿಕೊಡುವೆ. ಅವರಿಗೆ ಲೆಕ್ಕ ಒಂದಿಷ್ಟೂ ಹೋಗಿರಲಿಲ್ಲ. ನಮ್ಮಿಬ್ಬರನ್ನೂ ಸೇರಿಸಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತಿದ್ದ.

ಕಾವ್ಯ ನನಗೆ ಮಾಮೂಲಿ ಸುಡೊಕು ಕೊಟ್ಟಿದ್ದಳು. ನಾನು ಅದನ್ನು ಬೇಗ ತುಂಬಿಸಿ ಬೀಗಿದೆ. ಸಾಹೇಬರು ಬಗ್ಗಿ ನೋಡಿ ತುಟಿ ಸೊಟ್ಟ ಮಾಡಿದರು. "ಇದು ಬೊಂಬೆ ಆಟ ಮೇಡಂ. ನಂಬರ್ ಬದ್ಲು ಹೂವು ಬಿಡ್ಸಿದ್ರೂ ಆಗ್ತದೆ. ಕೂಡೋದು ಎಲ್ಲೈತೆ ಇದ್ರಾಗೆ?" ಎಂದು ನಿಧಾನವಾಗಿ, ಪದಗಳಿಗಾಗಿ ತಡಕಾಡುತ್ತಾ ಹೇಳಿ, ಅಂಗಿ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಸೊಸೆ ಫೋನಿನಿಂದ ಪ್ರಿಂಟ್ ತೆಗೆಸಿಕೊಡುತ್ತಿದ್ದಳಂತೆ. ಅದೇ ಒಂಬತ್ತು ಸಾಲು, ಒಂಬತ್ತು ಕಂಬ. ಆದರೆ ಒಳಗೆ ಒಂದು ಅಂಕಿಯನ್ನೂ ಕೊಟ್ಟಿರಲಿಲ್ಲ. ಬದಲಿಗೆ ಚುಕ್ಕಿ ಗೆರೆಗಳಿಂದ ಎರಡು ಮೂರು ಮನೆಗಳನ್ನು ಒಟ್ಟುಗೂಡಿಸಿ, ಮೂಲೆಯಲ್ಲಿ ಚಿಕ್ಕದಾಗಿ ಮೊತ್ತ ಬರೆದಿತ್ತು. ಮೇಲಿನ ಎಡಮೂಲೆಯಲ್ಲೇ ಹದಿನಾರು. ಕಾಗದ ಮಡಿಸಿದೆ. ವಾಪಸ್ ಕೊಟ್ಟೆ.

"ಡರ್ ಗಯೇ? ಹೆದರ್ಕೊಂಡ್ರಾ?" ಅಂದರು.

ಮೈ ಉರಿಯಿತು. ಗಣಿತದ ಟೀಚರಿಗೆ ಕೂಡುವ ಲೆಕ್ಕಕ್ಕೆ ಹೆದರಿಕೆಯೇ? ಕಾಗದ ಕಿತ್ತುಕೊಂಡು ಪರ್ಸಿಗೆ ತುರುಕಿದೆ. ಬಸ್ಸಿನಲ್ಲಿ ಮಧುಗಿರಿಯವರೆಗೂ ಅದನ್ನು ಹೊರಗೆ ತೆಗೆಯುವ ಧೈರ್ಯವಾಗಲಿಲ್ಲ ಅನ್ನುವುದು ಬೇರೆ ಮಾತು.

ಮನೆಯಲ್ಲಿ ಆ ಚುಕ್ಕಿ ಗೆರೆಗಳನ್ನು ನೋಡಿ ನಮ್ಮವರು, "ಇದೇನ್ಲೇ, ಕುರಿದೊಡ್ಡಿ ಇದ್ದಂಗೈತೆ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ದೊಡ್ಡಿ. ದೊಡ್ಡಿಯೊಳಗಿನ ಅಂಕಿಗಳನ್ನು ಕೂಡಿದರೆ ಮೂಲೆಯ ಮೊತ್ತ ಬರಬೇಕು. ಒಂದು ದೊಡ್ಡಿಯಲ್ಲಿ ಒಂದೇ ಅಂಕಿ ಎರಡು ಸಲ ಬರಬಾರದು. ಉಳಿದದ್ದೆಲ್ಲ ಮಾಮೂಲಿ ಸುಡೊಕುವಿನ ನಿಯಮವೇ. ಹುಣಸೆ ಬೀಜ ಇಟ್ಟುಕೊಂಡು ಕೂತೆ. ಎರಡು ಮನೆಗೆ ಮೂರು ಅಂದರೆ ಒಂದು ಮತ್ತು ಎರಡು. ನಾಲ್ಕು ಅಂದರೆ ಒಂದು ಮತ್ತು ಮೂರು. ಎರಡೆರಡು ಆಗುವ ಹಾಗಿಲ್ಲ. ಒಂದನೇ ಕ್ಲಾಸಿನ ಮಗುವಿನ ಹಾಗೆ ಬೀಜ ಸರಿಸುತ್ತಿದ್ದೆ. ಯಾರಾದರೂ ಬಂದರೆ ಸೆರಗು ಮುಚ್ಚುತ್ತಿದ್ದೆ.

ಸಣ್ಣ ದೊಡ್ಡಿಗಳು ಒಲಿದವು. ಆದರೆ ಎಲ್ಲೋ ಒಂದು ಕಡೆ ಪ್ರತಿ ಸಲ ಕೆಡುತ್ತಿತ್ತು. ಯಾಕೆ ಎಂದು ನನಗೆ ತಿಳಿಯಲಿಲ್ಲ. ಕಾವ್ಯ ನನ್ನ ಹಾಳೆಗಳನ್ನೆಲ್ಲ ಹರಡಿಕೊಂಡು ನೋಡಿ, "ಮೇಡಂ, ನೀವು ತಪ್ಪು ಮಾಡಿರೋದೆಲ್ಲ ಏಳು ಬರೋ ಕಡೆ" ಅಂದಳು. ನಿಜ. ಬೀಜ ಎಣಿಸುತ್ತಾ ಆರರವರೆಗೆ ಬರುತ್ತಿದ್ದೆ. "ಏಳು" ಅಂದ ತಕ್ಷಣ ಆ ಆಯಮ್ಮನ ಕೈ ಭುಜದ ಮೇಲೆ ಬಿದ್ದ ಹಾಗಾಗುತ್ತಿತ್ತು. ನಾನು ಬೆಚ್ಚಿ ಎಂಟಕ್ಕೆ ಹಾರುತ್ತಿದ್ದೆ, ಒಂದು ಬೀಜ ಹಿಂದೆ ಉಳಿಯುತ್ತಿತ್ತು. ಹೇಳಿದರೆ ನಗುತ್ತಾರೆ. ಈಗ ಬರೆಯುವಾಗ ನನಗೇ ನಗು ಬರುತ್ತಿದೆ.

ಅವತ್ತು ಬೆಂಚಿನ ಮೇಲೆ ಸಾಹೇಬರು ತಮ್ಮ ಕಾಗದದ ಮೇಲೆ ಬಾಗಿ "ಸಾತ್, ನೌ, ಸೋಲಾ" ಎಂದು ಉರ್ದುವಿನಲ್ಲಿ ಕೂಡುತ್ತಾ ಗೊಣಗುತ್ತಿದ್ದರು. ತಲೆಯೆತ್ತಿ, "ನೀವು ಯಾವ ಭಾಷೇಲಿ ಎಣಿಸ್ತೀರಾ ಮೇಡಂ?" ಅಂದರು.

"ಕನ್ನಡದಲ್ಲಿ. ಇನ್ಯಾವುದರಲ್ಲಿ?"

"ಚಿಕ್ಕೋರಿದ್ದಾಗ?"

ಚಿಕ್ಕವಳಿದ್ದಾಗ ತೆಲುಗಿನಲ್ಲಿ. ನಮ್ಮ ಬಲಸಮುದ್ರದ ಮನೆಯಲ್ಲಿ ತೆಲುಗೇ. ಶಾಲೆಗೆ ಸೇರಿದ ಮೇಲೆ ಕನ್ನಡದ ಮಗ್ಗಿ ಬಂದು ಅದರ ಮೇಲೆ ಕೂತಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೆಲ್ಲಗೆ ಶುರುಮಾಡಿದೆ: ಒಕಟಿ, ರೆಂಡು, ಮೂಡು, ನಾಲುಗು, ಐದು, ಆರು, ಏಡು. ಅಲ್ಲಿಗೆ ಎಣಿಕೆ ನಿಂತಿತು. ತೆಲುಗಿನಲ್ಲಿ ಏಡು ಅಂದರೆ ಏಳೂ ಹೌದು, ಅಳು ಅನ್ನುವುದೂ ಹೌದು. ನನ್ನ ಕರ್ಮ ನೋಡಿ, ಒಂದು ಭಾಷೆಯ ಏಳು ಎದ್ದೇಳು ಅನ್ನುತ್ತದೆ, ಇನ್ನೊಂದರದ್ದು ಅಳು ಅನ್ನುತ್ತದೆ. ನಾನು ಎರಡನೆಯದಕ್ಕೆ ವಿಧೇಯಳಾದೆ. ಕಂಡಕ್ಟರು "ಯಾಕಮ್ಮಾ, ಸ್ಟಾಪ್ ಬಿಟ್ಬುಟ್ರಾ?" ಎಂದು ಗಾಬರಿಯಾಗಿ ಕೇಳಿದ.

ಆ ವಾರವೇ ಅಮ್ಮ ಬಂದಳು. ಬಲಸಮುದ್ರದಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾಳೆ. ನಮ್ಮ ಹೊಲದಲ್ಲಿ ಈಗ ಕಡ್ಲೆಕಾಯಿ ಇಲ್ಲ, ಸೋಲಾರ್ ಪ್ಲೇಟುಗಳಿವೆ. ಆದರೂ ಅಮ್ಮ ಯಾರ ಹೊಲದಿಂದಲೋ ಒಂದು ಚೀಲ ಕಡ್ಲೆಕಾಯಿ ತಂದಿದ್ದಳು, ಜೊತೆಗೆ ತನ್ನ ಹಳೆಯ ಸೇರನ್ನೂ. ಆಸ್ಪತ್ರೆಗೂ ಬಂದು ನೋಡಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ, ಐದೈದ್ಲ ಕೇಳಲಿಲ್ಲ. ತಲೆ ಬಾಚಿ ಹೋಗಿದ್ದಳು. ಇವಳಿಗೆ ಇಷ್ಟು ಕಲ್ಲೆದೆ ಎಲ್ಲಿಂದ ಬಂತು ಎಂದು ನನಗೆ ಒಳಗೊಳಗೇ ಕೋಪವಿತ್ತು.

ನಾನು ದೊಡ್ಡಿಗಳ ಮುಂದೆ ಕೂತಿದ್ದೆ. ಪಡಸಾಲೆಯಲ್ಲಿ ಅಮ್ಮ ನಮಗಿಷ್ಟು, ಪಕ್ಕದ ಮನೆಗಿಷ್ಟು ಎಂದು ಕಡ್ಲೆಕಾಯಿ ಅಳೆಯುತ್ತಿದ್ದಳು. ಮೊದಲ ಸೇರಿಗೆ ಒಂದು ಅನ್ನುವುದಿಲ್ಲವಲ್ಲ, ಲಾಭ ಅನ್ನಬೇಕು. "ಲಾಭಂ... ರೆಂಡು... ಮೂಡು... ನಾಲುಗು... ಐದು... ಆರು... ಆರುನ್ನೊಕಟಿ... ಎನಿಮಿದಿ..."

ನನ್ನ ಕೈಯಲ್ಲಿದ್ದ ಬೀಜ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಕೇಳಿದ ಎಣಿಕೆ ಅದು. ಆದರೆ ಅದುವರೆಗೆ ಕಿವಿಗೆ ಬಿದ್ದಿರಲಿಲ್ಲ.

"ಅಮ್ಮಾ, ಆರಾದ್ಮೇಲೆ ಏನಂದೆ?"

"ಆರುನ್ನೊಕಟಿ." ಆರು ಮತ್ತು ಒಂದು.

"ಏಡು ಅಂತ ಯಾಕೆ ಅನ್ನಲ್ಲ ನೀನು?"

ಅಮ್ಮ ಸೇರು ಕೆಳಗಿಟ್ಟು ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ಕಾಳು ಅಳ್ಯೋವಾಗ ಆ ಮಾತು ಆಡ್ತಾರೇನೇ ಅಮ್ಮಾಯಿ? ಏಡು ಅಂದ್ರೆ ಮನೇಲಿ ಅಳು ಬೀಳ್ತದೆ. ಆರುನ್ನೊಕಟಿ ಅಂದ್ರೆ ಸರಿಪೋತುಂದಿ. ಲೆಕ್ಕನೂ ತಪ್ಪಲ್ಲ, ಮನೆನೂ ಕೆಡಲ್ಲ" ಅಂದಳು.

ನಾನು ಆರು ಬೀಜ ಒಂದು ಕಡೆ ಇಟ್ಟೆ. ಒಂದನ್ನು ಪಕ್ಕದಲ್ಲಿ ಬೇರೆ ಇಟ್ಟೆ. ಆಯಮ್ಮನ ಕೈ ಭುಜದ ಮೇಲೆ ಬೀಳಲಿಲ್ಲ. ಇನ್ನೊಂದು ಕಡೆ ಒಂಬತ್ತು ಬೀಜ ಇಟ್ಟೆ. ಒಂಬತ್ತಕ್ಕೆ ಹತ್ತಾಗಲು ಒಂದು ಬೇಕು. ಆ ಒಂಟಿ ಬೀಜವನ್ನು ಅತ್ತ ಸರಿಸಿದೆ. ಹತ್ತು. ಇತ್ತ ಉಳಿದದ್ದು ಆರು.

"ಹದಿನಾರು!" ಎಂದು ಕಿರುಚಿದೆ. "ಅಮ್ಮಾ, ಹದಿನಾರು!"

ಅಮ್ಮನಿಗೆ ಹದಿನಾರು ಯಾವುದು, ಯಾಕೆ ಏನೂ ತಿಳಿಯದು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸರಕ್ಕನೆ ಎದ್ದು ಅಡಿಗೆಮನೆಗೆ ಹೋಗಿ, "ಬೆಲ್ಲ ಎಲ್ಲಿಕ್ಕಿದೀಯೇ?" ಎಂದು ಕೂಗಿದಳು. ಬೆಲ್ಲದ ಡಬ್ಬಿ ಅವಳ ಕಣ್ಣೆದುರಿಗೇ ಇತ್ತು.

ಅಲ್ಲಿಂದ ಮುಂದೆ ಎಲ್ಲ ಸಲೀಸಾಯಿತು ಅಂದರೆ ಸುಳ್ಳು. ಎಂಟನ್ನು ಒಡೆದೆ, ಒಂಬತ್ತನ್ನು ಒಡೆದೆ. ಯಾವ ಅಂಕಿಯೂ ಗಟ್ಟಿ ಕಲ್ಲಲ್ಲ, ಒಡೆದರೆ ಒಳಗೆ ಸಣ್ಣವು ಇರುತ್ತವೆ ಎಂದು ವರ್ಷಾನುಗಟ್ಟಲೆ ಮಕ್ಕಳಿಗೆ ಹೇಳಿದ್ದೆ, ನಂಬಿದ್ದು ಈಗ. ಮೂರು ಮನೆಯ ದೊಡ್ಡಿಗೆ ಏಳು ಅಂದರೆ ಒಂದು, ಎರಡು, ನಾಲ್ಕು, ಬೇರೆ ದಾರಿಯೇ ಇಲ್ಲ. ಇಪ್ಪತ್ತನಾಲ್ಕು ಅಂದರೆ ಏಳು, ಎಂಟು, ಒಂಬತ್ತು. ಆಮೇಲೆ ಸಾಹೇಬರು ನಲವತ್ತೈದರ ಗುಟ್ಟು ತೋರಿಸಿದರು. ಒಂದು ಸಾಲಿನಲ್ಲಾಗಲಿ, ಒಂಬತ್ತು ಮನೆಯ ಚೌಕದಲ್ಲಾಗಲಿ ಎಲ್ಲ ಅಂಕಿ ಸೇರಿದರೆ ನಲವತ್ತೈದು. ಚೌಕದೊಳಗಿನ ದೊಡ್ಡಿಗಳನ್ನೆಲ್ಲ ಕೂಡಿ, ಅವುಗಳಿಂದ ಹೊರಗುಳಿದ ಒಂಟಿ ಮನೆಗೆ ನಲವತ್ತೈದಕ್ಕೆ ಬೇಕಾದಷ್ಟು ಕೊಟ್ಟುಬಿಡುವುದು. ಎಷ್ಟೋ ಕಾಗದ ಹರಿದೆ. ಒಂದು ದಿನ ಸಿಟ್ಟಿಗೆ ಬೀಜಗಳನ್ನೆಲ್ಲ ಅಂಗಳಕ್ಕೆ ಎಸೆದೆ. ಸಂಜೆ ಡಿಪೋದಿಂದ ಬಂದ ನಮ್ಮವರು ಏನೂ ಕೇಳದೆ, ಗ್ರೀಸಿನ ಕೈಯಲ್ಲೇ ಅವನ್ನು ಆರಿಸಿ ತಂದು ತೊಳೆದು ಕೊಟ್ಟರು. "ಹೆಂಗಾದ್ರೂ ಮಾಡು, ಲೈಬ್ರರಿಗೆ ಮಾತ್ರ ಹೋಗ್ಬ್ಯಾಡ. ನೀನು ಅಲ್ಲಿ ಕುಂತ್ರೆ ಮನೇಲಿ ನಾವು ಬದ್ಕಕಾಗಲ್ಲ" ಅಂದರು. ಅಷ್ಟು ಪ್ರೀತಿಯ ಮಾತನ್ನು ಅವರು ಮದುವೆಯಾದಾಗಲೂ ಆಡಿರಲಿಲ್ಲ.

ಮೊದಲ ಸಲ ಪೂರ್ತಿ ಬಿಡಿಸಿದ ಹಾಳೆಯನ್ನು ಶಿರಾಕ್ಕೆ ಒಯ್ದೆ. ಕೊನೆಗೆ ಉಳಿದಿದ್ದ ಮನೆ ನಡುವಿನ ಚೌಕದ್ದು. ಆ ಚೌಕದ ಉಳಿದ ದೊಡ್ಡಿಗಳೆಲ್ಲ ಸೇರಿ ಮೂವತ್ತೆಂಟು ಆಗಿತ್ತು. ಮೂವತ್ತೆಂಟಕ್ಕೆ ಆರು ಸೇರಿಸಿದರೆ ನಲವತ್ತನಾಲ್ಕು, ಇನ್ನೊಂದು ಸೇರಿಸಿದರೆ ನಲವತ್ತೈದು. ಆರುನ್ನೊಕಟಿ. ಸಾಹೇಬರು ಪ್ರತಿ ದೊಡ್ಡಿಯನ್ನೂ ಉರ್ದುವಿನಲ್ಲಿ ಕೂಡಿ ನೋಡಿ "ಶಾಬಾಶ್" ಅಂದರು. ಆಮೇಲೆ ನನ್ನ ಕೈ ನೋಡುತ್ತಾ, "ಆ ಪೆನ್ಸಿಲ್ ಸಣ್ಣದಾಯ್ತಲ್ಲ ಮೇಡಂ, ಹೊಸಾದು ತಗೊಳಿ" ಅಂದರು. ಹೇಳಿದ ಮೇಲೆ ಅವರಿಗೇ ಹೊಳೆದು ಕಣ್ಣರಳಿಸಿದರು. ಪೆನ್ಸಿಲ್ ಅನ್ನುವ ಪದವನ್ನು ನಾನು ಎತ್ತಿಕೊಟ್ಟಿರಲಿಲ್ಲ. ಕಾವ್ಯ ಬಾಗಿಲು ತೆರೆದಾಗ ನಾವಿಬ್ಬರೂ ಬೆಂಚಿನ ಮೇಲೆ ಮಕ್ಕಳ ಹಾಗೆ ನಗುತ್ತಿದ್ದೆವು.

ಈಗಲೂ ಫೋನ್ ನಂಬರ್ ಹೇಳಲು ನನಗೆ ಹೊತ್ತು ಹಿಡಿಯುತ್ತದೆ. ಪರ್ಸಿನಲ್ಲಿ ಹುಣಸೆ ಬೀಜಗಳಿವೆ. ಆಯಾಸವಾದ ದಿನ ಮೂರಕ್ಕೆ ನಾಲ್ಕು ಕೂಡಲೂ ಅವು ಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ದಯವಿಟ್ಟು ಐದೈದ್ಲ ಕೇಳಬೇಡಿ. ಪಕ್ಕದಲ್ಲಿ ಕೂತು ಕಡ್ಲೆಕಾಯಿ ಅಳೆಯಿರಿ, ಸಾಕು. ನಿಮಗೇ ಆಗಿದ್ದರೆ, ಹೋದದ್ದು ಹೋದ ದಾರಿಯಲ್ಲೇ ಬರುತ್ತದೆ ಎಂದು ಅಲ್ಲೇ ಕಾಯಬೇಡಿ. ನನ್ನದು ಹಿತ್ತಲ ಬಾಗಿಲಿನಿಂದ ಬಂತು.

ಶಾಲೆ ಶುರುವಾಯಿತು. ಹೆಡ್‌ಮಾಸ್ಟರಿಗೆ, "ಒಂದು ಪೀರಿಯಡ್ಡು ಕೊಡಿ. ಆಗದಿದ್ದರೆ ಲೈಬ್ರರಿ ಕೀಲಿಕೈ ನಾನೇ ಬಂದು ಇಸ್ಕೋತೀನಿ" ಅಂದೆ. ಎಂಟನೇ ತರಗತಿ ಕೊಟ್ಟರು. ಮಕ್ಕಳು ಎದ್ದು ನಿಂತು "ನಮಸ್ತೇ ಮೇಡಂ" ಅಂದರು. ಕೂರಿಸಿ, "ನನಗೆ ಹುಷಾರಿರಲಿಲ್ಲ. ಕೂಡೋದಕ್ಕೆ ಸ್ವಲ್ಪ ಹೊತ್ತು ಬೇಕು. ನಗೋರು ಈಗಲೇ ನಕ್ಕುಬಿಡಿ" ಅಂದೆ. ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

ತ್ರಿಭುಜ ಬರೆದೆ. ಎರಡು ಕೋನ ನೀವೇ ಹೇಳಿ ಅಂದೆ. ಒಬ್ಬಳು ಅರವತ್ತೇಳು ಅಂದಳು, ಇನ್ನೊಬ್ಬ ನಲವತ್ತೊಂಬತ್ತು ಅಂದ. ಹಲಗೆಯ ಮೇಲೆ ಅವೇ ಏಳು ಮತ್ತು ಒಂಬತ್ತು, ಒಂದರ ಕೆಳಗೊಂದು. ಸೀಮೆಸುಣ್ಣ ಹಿಡಿದು ನಿಂತುಬಿಟ್ಟೆ. ಮುಂದಿನ ಬೆಂಚಿನವಳು ಉತ್ತರ ಹೇಳಲು ಬಾಯಿ ತೆರೆದಳು, ಕೈಯೆತ್ತಿ ತಡೆದೆ. ಕಿಟಕಿಯಾಚೆ ಲೈಬ್ರರಿ ಕಾಣುತ್ತಿತ್ತು. ಕಣ್ಣು ಮುಚ್ಚಿದೆ. "ಆರುನ್ನೊಕಟಿ" ಅನ್ನುವುದು ನನಗರಿವಿಲ್ಲದೆ ಜೋರಾಗಿಯೇ ಬಾಯಿಂದ ಬಂತು. ಒಂದನ್ನು ಒಂಬತ್ತಕ್ಕೆ ಕೊಟ್ಟೆ. ಹದಿನಾರು. ನೂರಾ ಹದಿನಾರು. ನೂರಾ ಎಂಬತ್ತರಲ್ಲಿ ಕಳೆದು ಅರವತ್ತನಾಲ್ಕು ಎಂದು ಬರೆದೆ.

"ಮೇಡಂ, ನಮ್ಮಜ್ಜಿನೂ ಹಂಗೇ ಅಂತದೆ! ಕಾಳು ಅಳ್ಯೋವಾಗ!" ಎಂದು ಪಾವಗಡದ ಕಡೆಯ ಹುಡುಗಿಯೊಬ್ಬಳು ಕಿರುಚಿದಳು. ಆಗ ತರಗತಿ ನಕ್ಕಿತು. ನಾನೂ ನಕ್ಕೆ. ಗಂಟೆ ಹೊಡೆಯುವವರೆಗೂ ಪಾಠ ಮಾಡಿದೆ.

ಹೊರಗೆ ಬಂದು ಜಗುಲಿಯ ಕಂಬಕ್ಕೆ ಒರಗಿ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ಲೆಕ್ಕದ ಪಾಠ ಮಾಡಿದೆ. ತಪ್ಪಲಿಲ್ಲ" ಅಂದೆ. ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು, ಮೂಗೊರೆಸಿಕೊಂಡ ಸದ್ದು. ನನ್ನ ಕಾಯಿಲೆ ಶುರುವಾದಾಗಿನಿಂದ ಅಮ್ಮನಿಂದ ನಾನು ಕೇಳದಿದ್ದ ಸದ್ದು ಅದು.

"ಏಡುಸ್ತುನ್ನಾವಾ ಅಮ್ಮಾ?" ಅಂದೆ. ಅಳ್ತಿದೀಯಾ?

"ಲೇದಮ್ಮಾ" ಅಂದಳು, ಇಲ್ಲವಂತೆ. "ಆರುನ್ನೊಕಟಿ."